ಸ್ವಭಾವವರಿತ ಮಾತು: ಕಚೇರಿಯಲ್ಲಿ ಬದಲಾಗಬೇಕಾದವರು ಯಾರು?

ಒಂದೇ ಸಂಗತಿಯನ್ನು ಒಂದೇ ಮಾತಿನಲ್ಲಿ ತಿಳಿಸಿದರೂ ಒಬ್ಬ ಸಹೋದ್ಯೋಗಿ ಅದನ್ನು ಕೆಲಸದ ಸೂಚನೆಯೆಂದು ತೆಗೆದುಕೊಂಡು ಮುಂದೆ ಸಾಗುವುದು, ಇನ್ನೊಬ್ಬರು ಅದನ್ನೇ ತಮ್ಮ ಮೇಲಿನ ಆಕ್ಷೇಪವೆಂದು ಬಗೆದು ಕುಗ್ಗುವುದು, ಮತ್ತೊಬ್ಬರು ಇದಕ್ಕೆ ಆಧಾರವೇನೆಂದು ಕೇಳಿ ಬದಿಗಿಡುವುದು ಕೆಲವು ವರ್ಷ ಕಚೇರಿಯಲ್ಲಿ ದುಡಿದ ಯಾರಿಗಾದರೂ ಅನುಭವಕ್ಕೆ ಬಂದಿರುವ ವಿಷಯ. ಈ ವ್ಯತ್ಯಾಸವನ್ನು ಮೊದಲೇ ಅಂದಾಜಿಸಿ, ಕೇಳುವವರ ವ್ಯಕ್ತಿತ್ವಕ್ಕೆ ತಕ್ಕಂತೆ ಹೇಳುವ ಕ್ರಮವನ್ನು ಬದಲಿಸಿಕೊಳ್ಳಬೇಕೆಂಬ ವಿಚಾರ ಇಂದು ಸಾಫ್ಟ್‌ವೇರ್ ಕಂಪನಿಗಳಿಂದ ಹಿಡಿದು ಬ್ಯಾಂಕುಗಳವರೆಗೆ ಎಲ್ಲೆಡೆ ತರಬೇತಿಯ ವಸ್ತುವಾಗಿದೆ. ಅಂಥ ತರಬೇತಿಯ ಸಾಮಾನ್ಯ ಕ್ರಮದಲ್ಲಿ ನೌಕರರಿಗೆ ಒಂದು ಪ್ರಶ್ನಾವಳಿಯನ್ನು ಕೊಟ್ಟು, ಅವರ ಉತ್ತರಗಳ ಮೇಲೆ ಪ್ರತಿಯೊಬ್ಬರನ್ನೂ ನಾಲ್ಕು ಬಣ್ಣಗಳಲ್ಲಿ ಒಂದಕ್ಕೋ ನಾಲ್ಕು ಅಕ್ಷರಗಳ ಒಂದು ಗುಂಪಿಗೋ ಸೇರಿಸಲಾಗುತ್ತದೆ. ಬಳಿಕ ಕೆಂಪಿನವರು ಬೇಗ ನಿರ್ಧರಿಸುವ ಜನವಾದ್ದರಿಂದ ಅವರಿಗೆ ಮೊದಲು ತೀರ್ಮಾನ ಹೇಳಬೇಕು, ನೀಲಿಯವರು ಲೆಕ್ಕಾಚಾರದವರಾದ್ದರಿಂದ ಅವರ ಮುಂದೆ ಮೊದಲು ಅಂಕಿ ಅಂಶ ಇಡಬೇಕು ಎಂಬಂಥ ಸೂತ್ರಗಳನ್ನು ಕಲಿಸಲಾಗುತ್ತದೆ.

ಈ ವಿಚಾರದಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಮನುಷ್ಯರನ್ನು ಹೀಗೆ ಬಗೆಗಳಾಗಿ ವಿಂಗಡಿಸುವುದು ಎಷ್ಟರಮಟ್ಟಿಗೆ ನಿಜ ಎಂಬುದು ಒಂದು. ಸ್ವಭಾವಗಳು ಬೇರೆಯಾಗಿರುವ ಇಬ್ಬರಲ್ಲಿ ಯಾರು ಯಾರಿಗಾಗಿ ತಮ್ಮ ಮಾತನ್ನು ಬದಲಿಸಿಕೊಳ್ಳಬೇಕು ಎಂಬುದು ಇನ್ನೊಂದು. ಮೊದಲನೆಯದರ ಬಗ್ಗೆ ಮನೋವಿಜ್ಞಾನ ಕಳೆದ ನೂರು ವರ್ಷಗಳಲ್ಲಿ ಸಾಕಷ್ಟು ಕೆಲಸ ಮಾಡಿದೆ. ಎರಡನೆಯದನ್ನು ತರಬೇತಿಯ ಕೊಠಡಿಗಳಲ್ಲಿ ಕೇಳುವವರು ಕಡಿಮೆ. ಆದರೆ ಮೇಲು ಕೆಳಗೆಂಬ ಶ್ರೇಣಿ ಗಟ್ಟಿಯಾಗಿರುವ ಭಾರತದಂಥ ದೇಶದ ಕಚೇರಿಗಳಲ್ಲಿ ಅದೇ ಹೆಚ್ಚು ತೂಕದ ಪ್ರಶ್ನೆ.

ನಾಲ್ಕರ ಲೆಕ್ಕ

ಮನುಷ್ಯ ಸ್ವಭಾವವನ್ನು ನಾಲ್ಕಾಗಿ ವಿಭಾಗಿಸುವ ಕ್ರಮ ಬಹಳ ಹಳೆಯದು. ದೇಹದಲ್ಲಿ ರಕ್ತ, ಹಳದಿ ಪಿತ್ತ, ಕಪ್ಪು ಪಿತ್ತ ಮತ್ತು ಕಫ ಎಂಬ ನಾಲ್ಕು ರಸಗಳಿವೆ, ಅವುಗಳಲ್ಲಿ ಯಾವುದು ಹೆಚ್ಚಾಗಿದೆಯೋ ಅದಕ್ಕೆ ತಕ್ಕಂತೆ ಮನುಷ್ಯ ಉಲ್ಲಾಸಿಯೋ ಕೋಪಿಷ್ಠನೋ ವಿಷಣ್ಣನೋ ಜಡನೋ ಆಗುತ್ತಾನೆ ಎಂಬ ಗ್ರೀಕ್ ವೈದ್ಯರ ಕಲ್ಪನೆಯನ್ನು ಕ್ರಿಸ್ತಶಕ 2ನೆಯ ಶತಮಾನದ ವೈದ್ಯ ಗೇಲನ್ ವ್ಯವಸ್ಥಿತಗೊಳಿಸಿದನು. ಭಾರತದಲ್ಲಿ ಆಯುರ್ವೇದವು ವಾತ, ಪಿತ್ತ, ಕಫಗಳಿಂದ ಪ್ರಕೃತಿಯನ್ನು ಗುರುತಿಸಿತು, ಸಾಂಖ್ಯ ದರ್ಶನವು ಸತ್ವ, ರಜಸ್ಸು, ತಮಸ್ಸುಗಳಿಂದ ಗುಣವನ್ನು ವಿವರಿಸಿತು. ಆದರೆ ಇವೆರಡೂ ಒಬ್ಬನೇ ವ್ಯಕ್ತಿಯಲ್ಲಿ ಮೂರೂ ಅಂಶಗಳು ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿರುತ್ತವೆ, ಕಾಲ, ಆಹಾರ, ವಯಸ್ಸುಗಳೊಂದಿಗೆ ಏರಿಳಿಯುತ್ತವೆ ಎಂದೇ ಹೇಳಿದವು ಎಂಬುದನ್ನು ಗಮನಿಸಬೇಕು.

ಆಧುನಿಕ ಕಚೇರಿಯ ನಾಲ್ಕು ಅಕ್ಷರಗಳ ಪ್ರಶ್ನಾವಳಿಗೆ ಮೂಲವಾದದ್ದು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ 1921ರಲ್ಲಿ ಪ್ರಕಟಿಸಿದ, ಮಾನಸಿಕ ಬಗೆಗಳನ್ನು ಕುರಿತ ಜರ್ಮನ್ ಗ್ರಂಥ. ಮನಸ್ಸಿನ ಶಕ್ತಿ ಹೊರಗಿನ ಜನ ಮತ್ತು ವಸ್ತುಗಳ ಕಡೆಗೆ ಹರಿಯುವುದನ್ನು ಬಹಿರ್ಮುಖತೆ ಎಂದೂ, ಒಳಗಿನ ಆಲೋಚನೆಯ ಕಡೆಗೆ ಹರಿಯುವುದನ್ನು ಅಂತರ್ಮುಖತೆ ಎಂದೂ ಕರೆದ ಯೂಂಗ್, ಈ ವಿಂಗಡಣೆಯನ್ನು ಜನರಿಗೆ ಚೀಟಿ ಅಂಟಿಸಲು ಬಳಸಬಾರದೆಂದು ತಾವೇ ಎಚ್ಚರಿಸಿದ್ದರು. ಆ ಗ್ರಂಥದಲ್ಲಿ ಅವರು ಉಪನಿಷತ್ತು ಮತ್ತು ಗೀತೆಯ ದ್ವಂದ್ವ ವಿಚಾರಕ್ಕೂ ಒಂದು ಭಾಗವನ್ನು ಮೀಸಲಿಟ್ಟರು. ಅವರ ದೃಷ್ಟಿಯಲ್ಲಿ ಬಗೆಯನ್ನು ಗುರುತಿಸುವುದು ಆರಂಭ ಮಾತ್ರ. ತನ್ನಲ್ಲಿ ಬೆಳೆಯದೆ ಉಳಿದ ಎದುರು ಪಕ್ಷವನ್ನು ಜೀವಮಾನದ ಉದ್ದಕ್ಕೂ ಬೆಳೆಸಿಕೊಳ್ಳುವುದೇ ಗುರಿ. ಆ ಗುರಿಯನ್ನು ಬಿಟ್ಟು ಆರಂಭವನ್ನಷ್ಟೇ ಉಳಿಸಿಕೊಂಡದ್ದು ಮುಂದಿನ ಕಾಲದ ಪ್ರಶ್ನಾವಳಿಗಳು.

ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಬ್ರಿಗ್ಸ್ ಮೈಯರ್ಸ್ ಮನೋವಿಜ್ಞಾನದಲ್ಲಿ ಔಪಚಾರಿಕ ಶಿಕ್ಷಣ ಪಡೆದವರಲ್ಲ. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ, ಮೊದಲ ಬಾರಿ ದುಡಿಮೆಗೆ ಬರುತ್ತಿದ್ದ ಜನರಿಗೆ ಒಗ್ಗುವ ಕೆಲಸ ಸಿಗಲೆಂಬ ಪ್ರಾಮಾಣಿಕ ಕಾಳಜಿಯಿಂದ, ಯೂಂಗ್ ಅವರ ವಿಚಾರವನ್ನು ನಾಲ್ಕು ಜೋಡಿಗಳ, ಒಟ್ಟು 16 ಬಗೆಗಳ ಒಂದು ಪ್ರಶ್ನಾವಳಿಯಾಗಿ ಇಳಿಸಿದರು. ಇಂದು ಮೈಯರ್ಸ್-ಬ್ರಿಗ್ಸ್ ಸೂಚಕ ಎಂದು ಲೋಕವೆಲ್ಲ ಬಲ್ಲ ಪರೀಕ್ಷೆ ಅದೇ. ಬಣ್ಣಗಳ ಪದ್ಧತಿಯ ಮೂಲ ಬೇರೆ. 1928ರಲ್ಲಿ ವಿಲಿಯಂ ಮೋಲ್ಟನ್ ಮಾರ್ಸ್ಟನ್ ಎಂಬ ಅಮೆರಿಕದ ಮನೋವಿಜ್ಞಾನಿ ಸಾಮಾನ್ಯ ಜನರ ಭಾವನೆಗಳನ್ನು ಕುರಿತ ಗ್ರಂಥವೊಂದರಲ್ಲಿ ಪ್ರಾಬಲ್ಯ, ಪ್ರೇರಣೆ, ಅಧೀನತೆ, ವಿಧೇಯತೆ ಎಂಬ ನಾಲ್ಕು ಪ್ರತಿಕ್ರಿಯೆಗಳನ್ನು ವಿವರಿಸಿದರು. ಮಾರ್ಸ್ಟನ್ ಹೇಳಿದ್ದು ಸನ್ನಿವೇಶಗಳಿಗೆ ಮನುಷ್ಯ ತೋರುವ ಪ್ರತಿಕ್ರಿಯೆಗಳ ಬಗ್ಗೆ. ಅವರು ಯಾವ ಪರೀಕ್ಷೆಯನ್ನೂ ರೂಪಿಸಲಿಲ್ಲ, ಆ ವಿವರಣೆಯನ್ನು ಬಣ್ಣಗಳ ಪರೀಕ್ಷೆಯಾಗಿಸಿ ಉದ್ಯಮಗಳಿಗೆ ಮಾರುವ ಸಾಧನವಾಗಿ ಮಾಡಿದವರು ಅವರ ನಂತರದವರು.

ಬಗೆಯಲ್ಲ, ಪ್ರಮಾಣ

ಇಂಥ ಪರೀಕ್ಷೆಯ ಫಲಿತಾಂಶವನ್ನು ಓದಿದವರಿಗೆ ಇದು ತಮ್ಮದೇ ಚಿತ್ರವೆಂದು ಅನ್ನಿಸುವುದು ಸಹಜ, ಆದರೆ ಆ ಅನ್ನಿಸಿಕೆ ಪುರಾವೆಯಾಗಲಾರದು ಎಂಬುದನ್ನು ಮನೋವಿಜ್ಞಾನಿ ಬರ್ಟ್ರಮ್ ಫೋರರ್ 1948ರಲ್ಲಿಯೇ ತೋರಿಸಿದರು. ತಮ್ಮ ತರಗತಿಯ 39 ವಿದ್ಯಾರ್ಥಿಗಳಿಗೆ ಒಂದು ವ್ಯಕ್ತಿತ್ವ ಪರೀಕ್ಷೆಯನ್ನು ಕೊಟ್ಟು, ಪ್ರತಿಯೊಬ್ಬರಿಗೂ ಇದು ನಿಮ್ಮದೇ ವಿವರಣೆ ಎಂದು ಹೇಳಿ ಅವರು ಹಂಚಿದ್ದು ಒಂದೇ ಬರಹವನ್ನು. ಅದರ ವಾಕ್ಯಗಳು ಬಹುಮಟ್ಟಿಗೆ ಅಂಗಡಿಯಲ್ಲಿ ಕೊಂಡ ಜ್ಯೋತಿಷ್ಯದ ಪುಸ್ತಕದಿಂದ ಬಂದವು. ವಿದ್ಯಾರ್ಥಿಗಳು ಅದರ ನಿಖರತೆಗೆ 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಮೈಯರ್ಸ್-ಬ್ರಿಗ್ಸ್ ಸೂಚಕದ ತೊಡಕು ಇದಕ್ಕಿಂತ ಭಿನ್ನವಾದದ್ದು. ಬಹಿರ್ಮುಖತೆಯಂಥ ಗುಣವನ್ನು ದೊಡ್ಡ ಜನಸಮೂಹದಲ್ಲಿ ಅಳೆದರೆ ಹೆಚ್ಚಿನವರು ನಡುವೆಯೇ ಇರುತ್ತಾರೆ, ಎರಡು ತುದಿಗಳಲ್ಲಿ ಇರುವವರು ಕೆಲವರು ಮಾತ್ರ. ನಡುವೆ ಗೆರೆ ಎಳೆದು ಈ ಕಡೆಯವರು ಒಂದು ಬಗೆ, ಆ ಕಡೆಯವರು ಇನ್ನೊಂದು ಬಗೆ ಎಂದಾಗ, ಗೆರೆಯ ಅಕ್ಕಪಕ್ಕದಲ್ಲಿರುವ ಬಹುಸಂಖ್ಯಾತರು ಮರುಪರೀಕ್ಷೆಯಲ್ಲಿ ಒಂದೆರಡು ಉತ್ತರ ಬದಲಾದರೂ ಮತ್ತೊಂದು ಬಗೆಗೆ ಸೇರಿಬಿಡುತ್ತಾರೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ಸಮಿತಿಯೊಂದು 1991ರಲ್ಲಿ ಈ ಸೂಚಕವನ್ನು ವೃತ್ತಿ ಸಲಹೆಗೆ ಬಳಸಲು ಬೇಕಾದ ಪುರಾವೆ ಇಲ್ಲವೆಂದು ಅಭಿಪ್ರಾಯಪಟ್ಟಿತು. ನಾಲ್ಕು ಬಣ್ಣಗಳ ಪದ್ಧತಿಯನ್ನು ಜಗತ್ತಿಗೆಲ್ಲ ಹರಡಿದ ಸ್ವೀಡನ್ನಿನ ಜನಪ್ರಿಯ ಲೇಖಕ ಥಾಮಸ್ ಎರಿಕ್ಸನ್ ಅವರನ್ನು ಅದೇ ದೇಶದ ವಿಜ್ಞಾನ ಪ್ರಸಾರ ಸಂಘ 2018ರಲ್ಲಿ ಜನರನ್ನು ದಾರಿ ತಪ್ಪಿಸಿದವರೆಂದು ಹೆಸರಿಸಿತು.

ಇದಕ್ಕೆ ಬದಲಾಗಿ ಸಂಶೋಧಕರು ಇಂದು ಹೆಚ್ಚಾಗಿ ಒಪ್ಪಿರುವುದು ಐದು ಗುಣಾಂಶಗಳ ಮಾದರಿಯನ್ನು. ಇದರ ಹುಟ್ಟು ನಿಘಂಟಿನಲ್ಲಿ. ಮನುಷ್ಯರ ನಡುವಿನ ಮುಖ್ಯ ವ್ಯತ್ಯಾಸಗಳಿಗೆಲ್ಲ ಭಾಷೆಯಲ್ಲಿ ಪದಗಳು ಹುಟ್ಟಿರುತ್ತವೆ ಎಂಬ ಊಹೆಯಿಂದ ಮನೋವಿಜ್ಞಾನಿಗಳಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟಿನಿಂದ ಸುಮಾರು 18,000 ಪದಗಳನ್ನು ಸಂಗ್ರಹಿಸಿದರು. ಯಾವ ಪದಗಳು ಯಾವುವುಗಳ ಜೊತೆಗೆ ಒಬ್ಬರಿಗೇ ಅನ್ವಯಿಸುತ್ತವೆ ಎಂಬುದನ್ನು ಮುಂದಿನ ಹಲವು ದಶಕಗಳಲ್ಲಿ ಸಂಖ್ಯಾಶಾಸ್ತ್ರದ ನೆರವಿನಿಂದ ಸೋಸಿದಾಗ ಐದು ಗುಂಪುಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಹೊಸತಿಗೆ ತೆರೆದುಕೊಳ್ಳುವ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ, ಮತ್ತು ಬೇಗ ಆತಂಕಕ್ಕೆ ಒಳಗಾಗುವ ಭಾವಚಂಚಲತೆ ಎಂದು ಅವುಗಳನ್ನು ಕನ್ನಡದಲ್ಲಿ ಹೇಳಬಹುದು. ಇಲ್ಲಿ ಯಾರೂ ಒಂದು ಬಗೆಯಲ್ಲ. ಪ್ರತಿಯೊಬ್ಬರಲ್ಲೂ ಐದೂ ಇವೆ, ಪ್ರಮಾಣ ಮಾತ್ರ ಬೇರೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಈ ಐದನೆಯ ಗುಣಾಂಶವನ್ನು ಮೈಯರ್ಸ್-ಬ್ರಿಗ್ಸ್ ಸೂಚಕ ಅಳೆಯುವುದೇ ಇಲ್ಲ, ಕಚೇರಿಯ ಮಾತುಕತೆಯಲ್ಲಿ ಅತಿ ಹೆಚ್ಚು ನೋವು ಹುಟ್ಟುವುದಾದರೋ ಅದನ್ನು ಲಕ್ಷಿಸದಿರುವುದರಿಂದಲೇ.

ಸಂಜೆ ಆರು ಗಂಟೆಗೆ ಮೇಲಧಿಕಾರಿಯೊಬ್ಬರು ವಾಟ್ಸ್‌ಆ್ಯಪ್‌ನಲ್ಲಿ "ನಾಳೆ ಬಂದ ತಕ್ಷಣ ನನ್ನನ್ನು ಕಾಣಿ" ಎಂದು ಬರೆಯುತ್ತಾರೆಂದು ಇಟ್ಟುಕೊಳ್ಳೋಣ. ಬರೆದವರ ಮನಸ್ಸಿನಲ್ಲಿ ಇರುವುದು ವರದಿಯ ಒಂದು ಕೋಷ್ಟಕದ ಲೆಕ್ಕವಷ್ಟೇ. ಭಾವಚಂಚಲತೆ ಕಡಿಮೆ ಇರುವ ನೌಕರ ಅದನ್ನು ಓದಿ, ಸರಿ ಎಂದು ಉತ್ತರಿಸಿ ಮರೆತುಬಿಡುತ್ತಾನೆ. ಆ ಗುಣ ಹೆಚ್ಚಿರುವ ನೌಕರೆ ಕಳೆದ ತಿಂಗಳ ಕೆಲಸವನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕುತ್ತಾಳೆ, ಯಾರು ಏನು ದೂರು ಹೇಳಿರಬಹುದೆಂದು ಸಹೋದ್ಯೋಗಿಗಳಿಗೆ ಫೋನ್ ಮಾಡುತ್ತಾಳೆ, ನಿದ್ದೆಗೆಟ್ಟು ಮರುದಿನ ಕೋಷ್ಟಕದ ಪ್ರಶ್ನೆಗೆ ಸಾವಧಾನದಿಂದ ಉತ್ತರಿಸಲಾರದ ಸ್ಥಿತಿಯಲ್ಲಿ ಬಂದು ನಿಲ್ಲುತ್ತಾಳೆ. "ನಾಳೆ ಹತ್ತು ಗಂಟೆಗೆ ವರದಿಯ ಮೂರನೇ ಪುಟದ ಕೋಷ್ಟಕದ ಬಗ್ಗೆ ಮಾತಾಡೋಣ, ಹತ್ತು ನಿಮಿಷ ಸಾಕು" ಎಂದು ಬರೆಯಲು ಬೇಕಾದದ್ದು ಇನ್ನು ಕೆಲವೇ ಪದಗಳು. ಹೀಗೆ ಬರೆಯುವುದಕ್ಕೆ ಆ ನೌಕರೆಯನ್ನು ಆತಂಕದವಳೆಂದು ಗುರುತಿಸಿ ಚೀಟಿ ಅಂಟಿಸಬೇಕಾದ ಅಗತ್ಯವೇ ಇಲ್ಲ ಎಂಬುದು ಇಲ್ಲಿನ ಮುಖ್ಯ ಸಂಗತಿ, ಏಕೆಂದರೆ ಎರಡನೆಯ ಸಂದೇಶ ಮೊದಲನೆಯ ನೌಕರನಿಗೂ ಅಷ್ಟೇ ಅನುಕೂಲ. ಅವನೂ ಕೋಷ್ಟಕವನ್ನು ನೋಡಿಕೊಂಡು ಬರುತ್ತಾನೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ವ್ಯತ್ಯಾಸಕ್ಕೂ ಇದೇ ಮಾತು ಸಲ್ಲುತ್ತದೆ. ಬಹಿರ್ಮುಖತೆ ಹೆಚ್ಚಿರುವವರು ಮಾತಾಡುತ್ತಲೇ ಯೋಚಿಸುತ್ತಾರೆ, ಆದ್ದರಿಂದ ಅವರ ಮೊದಲ ವಾಕ್ಯವನ್ನು ಅಂತಿಮ ನಿಲುವೆಂದು ಹಿಡಿಯಬಾರದು. ಅದು ಕಡಿಮೆ ಇರುವವರು ಯೋಚಿಸಿದ ಮೇಲೆ ಮಾತಾಡುತ್ತಾರೆ, ಆದ್ದರಿಂದ ಅವರ ಮೌನವನ್ನು ಒಪ್ಪಿಗೆಯೆಂದೋ ಅಜ್ಞಾನವೆಂದೋ ತಿಳಿಯಬಾರದು. ಸಭೆಯ ವಿಷಯಪಟ್ಟಿಯನ್ನು ಹಿಂದಿನ ದಿನವೇ ಕಳಿಸುವುದು, ಚರ್ಚೆ ಆರಂಭಿಸುವ ಮುನ್ನ ಐದು ನಿಮಿಷ ಎಲ್ಲರೂ ತಮ್ಮ ಅಭಿಪ್ರಾಯವನ್ನು ಬರೆದಿಟ್ಟುಕೊಳ್ಳಲು ಬಿಡುವುದು, ಸಭೆ ಮುಗಿದ ಮೇಲೂ ಒಂದು ದಿನ ಲಿಖಿತ ಸಲಹೆಗೆ ಅವಕಾಶವಿಡುವುದು ಇವೆಲ್ಲ ಯಾರ ಬಗೆಯನ್ನೂ ಪರೀಕ್ಷಿಸದೆ ಎಲ್ಲ ಸ್ವಭಾವಗಳಿಗೂ ಬಾಗಿಲು ತೆರೆಯುವ ಕ್ರಮಗಳು. ಒಬ್ಬೊಬ್ಬರನ್ನು ಅರಿತು ಮಾಡಬೇಕಾದ ಹೊಂದಾಣಿಕೆಯೂ ಇದೆ. ಅದಕ್ಕೆ ಪ್ರಶ್ನಾವಳಿಗಿಂತ ಗಮನಿಕೆ ಮತ್ತು ನೇರ ಪ್ರಶ್ನೆ ಹೆಚ್ಚು ಉಪಯುಕ್ತ. ಜೊತೆಗೆ ಕೆಲಸ ಮಾಡುವವರನ್ನು ತಿದ್ದುಪಡಿಗಳನ್ನು ಬಾಯಿಮಾತಿನಲ್ಲಿ ಕೇಳಲು ಇಷ್ಟವೋ ಬರಹದಲ್ಲಿ ನೋಡಲು ಇಷ್ಟವೋ ಎಂದು ಒಮ್ಮೆ ಕೇಳಿದರೆ ಸಿಗುವ ಉತ್ತರ, ಅವರ ನಾಲ್ಕು ಅಕ್ಷರಗಳಿಗಿಂತ ನಂಬಲರ್ಹ.

ಹೊಂದಾಣಿಕೆ ಹರಿಯುವ ದಿಕ್ಕು

ಕೇಳುವವರಿಗೆ ತಕ್ಕಂತೆ ಮಾತನ್ನು ಬದಲಿಸುವ ಕ್ರಿಯೆಯನ್ನೇ ವಸ್ತುವಾಗಿಸಿಕೊಂಡ ಸಿದ್ಧಾಂತವೊಂದಿದೆ. 1970ರ ದಶಕದಲ್ಲಿ ಹೋವರ್ಡ್ ಜೈಲ್ಸ್ ಎಂಬ ಸಾಮಾಜಿಕ ಮನೋವಿಜ್ಞಾನಿ ರೂಪಿಸಿದ ಈ ಸಂವಹನ ಹೊಂದಾಣಿಕೆಯ ಸಿದ್ಧಾಂತದ ಪ್ರಕಾರ, ಇಬ್ಬರು ಮಾತಾಡುವಾಗ ಅವರ ಉಚ್ಚಾರಣೆ, ವೇಗ, ಪದಗಳ ಆಯ್ಕೆ ಸ್ಥಿರವಾಗಿರದೆ ಒಬ್ಬರ ಕಡೆಗೆ ಇನ್ನೊಬ್ಬರದು ವಾಲುತ್ತಲೋ ದೂರ ಸರಿಯುತ್ತಲೋ ಇರುತ್ತದೆ. ಹತ್ತಿರವಾಗಬೇಕೆಂಬ ಇಚ್ಛೆ ಇದ್ದಲ್ಲಿ ಮಾತುಗಳು ಸಮೀಪಿಸುತ್ತವೆ, ತನ್ನತನಕ್ಕೆ ಪೆಟ್ಟು ಬಿದ್ದಲ್ಲಿ ಬೇರಾಗುತ್ತವೆ. ಜೈಲ್ಸ್ ಮತ್ತು ರಿಚರ್ಡ್ ಬೂರ್ಹಿ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವೇಲ್ಸ್ ಪ್ರದೇಶದಲ್ಲಿ ವೆಲ್ಷ್ ಭಾಷೆಯನ್ನು ಕಲಿಯುತ್ತಿದ್ದವರಿಗೆ ಶಿಷ್ಟ ಇಂಗ್ಲಿಷ್ ಉಚ್ಚಾರಣೆಯ ಒಬ್ಬ ಸಂದರ್ಶಕ ಸಾಯುತ್ತಿರುವ ಭಾಷೆಯನ್ನು ಏಕೆ ಕಲಿಯುತ್ತೀರಿ ಎಂದು ಕೇಳಿದಾಗ, ಅವರು ಇಂಗ್ಲಿಷಿನಲ್ಲೇ ಉತ್ತರಿಸಿದರೂ ತಮ್ಮ ವೆಲ್ಷ್ ಉಚ್ಚಾರಣೆಯನ್ನು ಮೊದಲಿಗಿಂತ ಗಾಢವಾಗಿಸಿದರು. ಹೊಂದಾಣಿಕೆ ಅತಿಯಾದರೆ ಅದೂ ಅವಮಾನವೇ ಆಗುತ್ತದೆಂಬುದನ್ನು ಈ ಪರಂಪರೆಯ ಸಂಶೋಧಕರು ವೃದ್ಧರೊಡನೆ ಮಕ್ಕಳೊಡನೆ ಮಾತಾಡುವಂತೆ ಮಾತಾಡುವ ಆರೈಕೆದಾರರ ಉದಾಹರಣೆಯಿಂದ ತೋರಿಸಿದ್ದಾರೆ. ಸಹೋದ್ಯೋಗಿಯನ್ನು ಸೂಕ್ಷ್ಮ ಸ್ವಭಾವದವರೆಂದು ಮೊದಲೇ ತೀರ್ಮಾನಿಸಿ, ಅವರ ಕೆಲಸದಲ್ಲಿನ ತಪ್ಪನ್ನೇ ಹೇಳದೆ ಮೆಲುಮಾತಿನಲ್ಲಿ ಸುತ್ತಿ ಬಿಡುವುದು ಇದೇ ಜಾತಿಯ ದೋಷ. ವರ್ಷದ ಕೊನೆಯ ಅಪ್ರೈಸಲ್‌ನಲ್ಲಿ ಆ ತಪ್ಪು ಮೊದಲ ಬಾರಿಗೆ ಲಿಖಿತವಾಗಿ ಎದುರಾದಾಗ ಅವರಿಗೆ ಆಗುವ ಗಾಯ, ಅಂದೇ ನೇರವಾಗಿ ಕೇಳಿದ್ದರೆ ಆಗುತ್ತಿದ್ದುದಕ್ಕಿಂತ ದೊಡ್ಡದು. ಹೇಳುವ ಕ್ರಮ, ಸಮಯ, ಮಾಧ್ಯಮಗಳನ್ನು ಬದಲಿಸಬಹುದು. ಹೇಳಬೇಕಾದ ಸತ್ಯದ ಅಳತೆಯನ್ನು ಬದಲಿಸುವಂತಿಲ್ಲ.

ಈ ಸಿದ್ಧಾಂತದ ಮತ್ತೊಂದು ಗ್ರಹಿಕೆ ಕಚೇರಿಗೆ ಇನ್ನೂ ಹತ್ತಿರದ್ದು: ಅಧಿಕಾರ ಕಡಿಮೆ ಇರುವವರು ಹೆಚ್ಚು ಹೊಂದಿಕೊಳ್ಳುತ್ತಾರೆ, ಹೆಚ್ಚಿರುವವರು ಕಡಿಮೆ. ಕರ್ನಾಟಕದ ಯಾವ ಕಚೇರಿಯಲ್ಲಿ ನೋಡಿದರೂ ಇದು ಕಣ್ಣಿಗೆ ಬೀಳುತ್ತದೆ. ಸಾಹೇಬರಿಗೆ ಬೆಳಿಗ್ಗೆ ಬಂದ ಕೂಡಲೇ ಸಮಸ್ಯೆ ಹೇಳಬಾರದು, ಮಧ್ಯಾಹ್ನ ಊಟದ ನಂತರ ಹೇಳಬೇಕು. ಮೇಡಂಗೆ ಉದ್ದ ಪತ್ರ ಆಗದು, ನಾಲ್ಕು ಸಾಲಿನಲ್ಲಿರಬೇಕು. ಈ ಸರ್ ಹತ್ತಿರ ಇಂಗ್ಲಿಷಿನಲ್ಲೇ ಆರಂಭಿಸಬೇಕು ಎಂಬ ತಿಳಿವಳಿಕೆ ಗುಮಾಸ್ತರಿಂದ ಜವಾನರವರೆಗೆ ಎಲ್ಲರಿಗೂ ಇರುತ್ತದೆ, ಹೊಸಬರಿಗೆ ಮೊದಲ ವಾರದಲ್ಲೇ ಅದನ್ನು ಹೇಳಿಕೊಡಲಾಗುತ್ತದೆ. ಆದರೆ ತಮ್ಮ ಕೈಕೆಳಗಿನ ಯಾವ ನೌಕರರು ಎದುರಿಗೆ ಮಾತಾಡಲಾರರು, ಯಾರಿಗೆ ಸೂಚನೆಯನ್ನು ಎರಡು ಬಾರಿ ವಿವರಿಸಬೇಕು ಎಂಬ ತಿಳಿವಳಿಕೆ ಮೇಲಿನವರಿಗೆ ಇರಲೇಬೇಕೆಂದು ಯಾರೂ ನಿರೀಕ್ಷಿಸುವುದಿಲ್ಲ. ಸ್ವಭಾವವರಿತು ಮಾತಾಡುವ ಕಲೆಯ ತರಬೇತಿಯನ್ನು ಹೆಚ್ಚಾಗಿ ಕಿರಿಯರಿಗೇ ಕೊಡುವುದು ಆಗಲೇ ಬಗ್ಗಿರುವ ಬೆನ್ನಿಗೆ ಇನ್ನಷ್ಟು ಬಗ್ಗಲು ಹೇಳಿದಂತೆ.

ಹಿರಿಯರ ಸ್ವಭಾವವೂ ಕಿರಿಯರ ಸ್ವಭಾವವೂ ಸೇರಿದಾಗಲೇ ಫಲಿತಾಂಶ ತಿಳಿಯುತ್ತದೆ ಎಂಬುದಕ್ಕೆ ಮನೋವಿಜ್ಞಾನಿ ಆ್ಯಡಮ್ ಗ್ರಾಂಟ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ಒಳ್ಳೆಯ ಉದಾಹರಣೆ. ಅಮೆರಿಕದ ಒಂದು ಪಿಟ್ಜಾ ಸರಣಿಯ ಅಂಗಡಿಗಳಲ್ಲಿ, ನೌಕರರು ಹೇಳಿದಷ್ಟನ್ನು ಮಾಡುವವರಾಗಿದ್ದರೆ ಬಹಿರ್ಮುಖಿ ಮ್ಯಾನೇಜರ್ ಇದ್ದಲ್ಲಿ ಲಾಭ ಹೆಚ್ಚಿತ್ತು. ನೌಕರರೇ ಹೊಸ ಸಲಹೆಗಳೊಂದಿಗೆ ಮುಂದೆ ಬರುವವರಾಗಿದ್ದರೆ ಅಂಥ ಮ್ಯಾನೇಜರ್ ಇದ್ದಲ್ಲಿ ಲಾಭ ಕಡಿಮೆಯಾಗಿತ್ತು, ಏಕೆಂದರೆ ತಾವೇ ಮಾತಾಡುವ ರೂಢಿಯ ಮ್ಯಾನೇಜರ್ ಆ ಸಲಹೆಗಳಿಗೆ ಕಿವಿಗೊಡುವುದು ಕಡಿಮೆ.

ಮೂರು ಬಾರಿ ಹೇಳಿದ ಮಾತು

ಕಿರಿಯರು ಹಿರಿಯರ ಸ್ವಭಾವಕ್ಕೆ ಹೊಂದಿಕೊಂಡು ಮಾತನ್ನು ಮೆದುಗೊಳಿಸಿದರೆ ಏನಾಗುತ್ತದೆ ಎಂಬುದನ್ನು ವಿಮಾನಯಾನದಷ್ಟು ಆಳವಾಗಿ ಅಭ್ಯಾಸ ಮಾಡಿದ ವೃತ್ತಿ ಇನ್ನೊಂದಿಲ್ಲ, ಏಕೆಂದರೆ ಅಲ್ಲಿ ಕಾಕ್‌ಪಿಟ್‌ನ ಪ್ರತಿ ಮಾತೂ ಧ್ವನಿಮುದ್ರಣವಾಗುತ್ತದೆ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ, ಇಳಿಯುವ ಚಕ್ರಗಳ ದೋಷದಲ್ಲೇ ಮನಸ್ಸು ನೆಟ್ಟ ಕ್ಯಾಪ್ಟನ್‌ಗೆ ಇಂಧನ ಮುಗಿಯುತ್ತಿದೆ ಎಂಬುದನ್ನು ಸಿಬ್ಬಂದಿ ಒತ್ತಿ ಹೇಳದೆ, ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಆಕಾಶದಲ್ಲೇ ಇಂಧನ ಬರಿದಾಗಿ ಬಿದ್ದು 10 ಮಂದಿ ಸತ್ತರು. 1982ರ ಜನವರಿ 13ರಂದು ವಾಷಿಂಗ್ಟನ್‌ನಲ್ಲಿ ಹಿಮ ಸುರಿಯುತ್ತಿದ್ದಾಗ ಏರ್ ಫ್ಲಾರಿಡಾ ವಿಮಾನ ರನ್‌ವೇ ಮೇಲೆ ಓಡುತ್ತಿದ್ದಂತೆ, ಉಪಕರಣಗಳು ತೋರಿಸುತ್ತಿರುವುದು ಸರಿಯಿಲ್ಲವೆಂದು ಸಹ ಪೈಲಟ್ ಹೇಳಿದರು, ಕ್ಯಾಪ್ಟನ್ ಸರಿಯಿದೆ ಎಂದಾಗ ಸಂಶಯವನ್ನು ನುಂಗಿಕೊಂಡರು, ನಿಲ್ಲಿಸಿ ಎಂದು ಹೇಳಲಿಲ್ಲ. ವಿಮಾನ ಸೇತುವೆಗೆ ಬಡಿದು ಪೊಟೋಮ್ಯಾಕ್ ನದಿಗೆ ಬಿದ್ದು, ಸೇತುವೆಯ ಮೇಲಿದ್ದವರೂ ಸೇರಿ 78 ಜನ ಸತ್ತರು. ಇಂಥ ಧ್ವನಿಮುದ್ರಿಕೆಗಳನ್ನು ಅಭ್ಯಾಸ ಮಾಡಿದ ಭಾಷಾವಿಜ್ಞಾನಿ ಷಾರ್ಲಟ್ ಲಿಂಡೆ ಮೆದುಗೊಳಿಸಿದ ಮಾತು ಕ್ಯಾಪ್ಟನ್‌ಗೆ ಮುಟ್ಟದೇ ಹೋಗುವ ಸಂಭವ ಹೆಚ್ಚೆಂದು ಕಂಡರು. ಮುಂದೆ ಸಂಶೋಧಕರಾದ ಯೂಟ್ ಫಿಷರ್ ಮತ್ತು ಜುಡಿತ್ ಒರಸಾನು ಪೈಲಟ್‌ಗಳಿಗೆ ಒಂದೇ ಅಪಾಯದ ಸನ್ನಿವೇಶವನ್ನು ಕೊಟ್ಟು ಏನು ಹೇಳುತ್ತೀರೆಂದು ಕೇಳಿದಾಗ, ಕ್ಯಾಪ್ಟನ್‌ಗಳು ಆಜ್ಞೆಯ ರೂಪವನ್ನೂ ಸಹ ಪೈಲಟ್‌ಗಳು ಸುಳಿವು ಕೊಡುವ ರೂಪವನ್ನೂ ಹೆಚ್ಚಾಗಿ ಆಯ್ದುಕೊಂಡರು. ಪೋರ್ಟ್‌ಲ್ಯಾಂಡ್ ದುರಂತದ ಮರುವರ್ಷ ನಾಸಾ ಸಂಸ್ಥೆ ನಡೆಸಿದ ಕಾರ್ಯಾಗಾರದಿಂದ ಬೆಳೆದ ಸಿಬ್ಬಂದಿ ನಿರ್ವಹಣಾ ತರಬೇತಿಯಲ್ಲಿ ಕಿರಿಯರಿಗೆ ನೇರವಾಗಿ ಹೇಳುವುದನ್ನೂ ಹಿರಿಯರಿಗೆ ಕೇಳಿಸಿಕೊಳ್ಳುವುದನ್ನೂ ಒಟ್ಟಿಗೇ ಕಲಿಸಲಾಯಿತು.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ 166 ಜನರನ್ನು ಹೊತ್ತು ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಂದಕಕ್ಕೆ ಬಿದ್ದು 158 ಮಂದಿ ಸತ್ತರು, ಬದುಕಿದವರು 8 ಮಂದಿ ಮಾತ್ರ. ವಿಚಾರಣಾ ನ್ಯಾಯಾಲಯದ ವರದಿಯ ಪ್ರಕಾರ, ಕಾಕ್‌ಪಿಟ್‌ನ ಧ್ವನಿಮುದ್ರಣ ಲಭ್ಯವಿದ್ದ ಸುಮಾರು ಎರಡು ಗಂಟೆಗಳಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ವಿಮಾನ ಇರಬೇಕಾದುದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯದೆ ಮತ್ತೆ ಮೇಲೇರಿ ಸುತ್ತು ಹೊಡೆದು ಬರೋಣವೆಂದು ಸಹ ಪೈಲಟ್ ಮೂರು ಬಾರಿ ಹೇಳಿದರು. ನೆಲ ಸಮೀಪಿಸುತ್ತಿರುವುದನ್ನು ಎಚ್ಚರಿಸುವ ಯಂತ್ರವೂ ಮತ್ತೆ ಮತ್ತೆ ಕೂಗಿತು. ಆದರೂ 8,033 ಅಡಿ ಉದ್ದದ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ವಿಮಾನ ನೆಲ ಮುಟ್ಟಿತು. ಇಲ್ಲಿ ಸಹ ಪೈಲಟ್ ಸುಳಿವು ಕೊಟ್ಟು ಸುಮ್ಮನಾದವರಲ್ಲ, ವೃತ್ತಿ ಕಲಿಸಿದ ಸ್ಪಷ್ಟ ಮಾತನ್ನೇ ಆಡಿದವರು. ಅದನ್ನು ಕೇಳಬೇಕಾದವರು ಕೇಳದಿದ್ದಾಗ ಏನು ಮಾಡಬೇಕು ಎಂಬಲ್ಲಿ ವ್ಯವಸ್ಥೆ ಅವರ ಕೈಬಿಟ್ಟಿತು. ಸಹ ಪೈಲಟ್‌ಗೆ ತಾನೇ ವಿಮಾನವನ್ನು ಮೇಲೇರಿಸುವ ಅಧಿಕಾರವಿದೆಯೇ ಎಂಬ ಬಗ್ಗೆ ಸೂಚನೆಗಳಲ್ಲಿ ಅಸ್ಪಷ್ಟತೆ ಇದ್ದುದರಿಂದಲೇ ಅವರು ಪದೇ ಪದೇ ಹೇಳಿದರೇ ಹೊರತು ನಿಯಂತ್ರಣವನ್ನು ಕೈಗೆ ತೆಗೆದುಕೊಳ್ಳಲಿಲ್ಲವೆಂದು ತೋರುತ್ತದೆ ಎಂಬುದಾಗಿ ವರದಿ ದಾಖಲಿಸಿ, ಇದನ್ನು ಅಪಘಾತಕ್ಕೆ ಪೂರಕವಾದ ಕಾರಣಗಳಲ್ಲಿ ಒಂದೆಂದು ಎಣಿಸಿತು.

ಎದುರಿಗಿರುವವರ ಸ್ವಭಾವವನ್ನು ಅರಿತು ಮಾತಾಡುವ ಕೌಶಲಕ್ಕೆ ಎಲ್ಲಿ ಮಿತಿಯಿದೆ ಎಂಬುದನ್ನು ಈ ಘಟನೆ ತಿಳಿಸುತ್ತದೆ. ನಿತ್ಯದ ಕೆಲಸದಲ್ಲಿ ಆ ಕೌಶಲ ಬೇಕು. ಆದರೆ ತಪ್ಪಿನ ಬೆಲೆ ದೊಡ್ಡದಾದಲ್ಲಿ, ಕಿರಿಯರ ಮಾತು ಮೇಲಕ್ಕೆ ಮುಟ್ಟುವುದು ಕಿರಿಯರ ಜಾಣ್ಮೆಯ ಮೇಲೂ ಹಿರಿಯರ ಮನಃಸ್ಥಿತಿಯ ಮೇಲೂ ನಿಂತಿರಬಾರದು, ಅದಕ್ಕೆ ನಿಯಮದ ಬಲವಿರಬೇಕು. ಇದಕ್ಕೆ ವಿಮಾನವೇ ಬೇಕೆಂದಿಲ್ಲ. ಶಸ್ತ್ರಚಿಕಿತ್ಸೆಯ ಕೊಠಡಿಗಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ರೂಪಿಸಿದ ತಪಾಸಣಾ ಪಟ್ಟಿಯಲ್ಲಿ, ಚರ್ಮಕ್ಕೆ ಕತ್ತಿ ತಾಗಿಸುವ ಮುನ್ನ ತಂಡದ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಿ ಪರಿಚಯಿಸಿಕೊಳ್ಳಬೇಕೆಂಬ ಅಂಶವಿದೆ. ಒಮ್ಮೆ ಬಾಯಿ ತೆರೆದ ನರ್ಸ್ ಮುಂದೆ ತಪ್ಪು ಕಂಡಾಗಲೂ ಬಾಯಿ ತೆರೆಯುವುದು ಸುಲಭವೆಂಬುದು ಅದರ ಹಿಂದಿನ ಆಶಯ.

ಸರ್ಕಾರಿ ಕಚೇರಿಯಲ್ಲಿ ಇಂಥದೊಂದು ಸಾಧನ ಬಹಳ ಹಿಂದಿನಿಂದ ಇದೆ, ಅದು ಕಡತದ ಟಿಪ್ಪಣಿ ಹಾಳೆ. ವಿಷಯ ನಿರ್ವಾಹಕರು ಪ್ರಕರಣದ ಹಿನ್ನೆಲೆ, ಅನ್ವಯವಾಗುವ ನಿಯಮ, ತಮ್ಮ ಅಭಿಪ್ರಾಯಗಳನ್ನು ಕಂಡಿಕೆ ಸಂಖ್ಯೆ ಹಾಕಿ ಬರೆದು ಕಡತ ಮಂಡಿಸುತ್ತಾರೆ, ಶಾಖಾಧಿಕಾರಿ ಅದರ ಕೆಳಗೆ ತಮ್ಮದನ್ನು ಸೇರಿಸುತ್ತಾರೆ, ಹೀಗೆ ಒಬ್ಬರ ಬರಹದ ಕೆಳಗೆ ಇನ್ನೊಬ್ಬರದು ಬಂದು ಕೊನೆಗೆ ಆದೇಶವಾಗುತ್ತದೆ. ಸಭೆಯಲ್ಲಿ ಬಾಯಿಬಿಡಲಾರದ ಸಂಕೋಚದ ನೌಕರರೂ ಈ ಪ್ರಸ್ತಾವಕ್ಕೆ ನಿಯಮಗಳಲ್ಲಿ ಅವಕಾಶವಿಲ್ಲವೆಂದು ಈ ಹಾಳೆಯಲ್ಲಿ ನಿರ್ಭಾವುಕವಾಗಿ ಬರೆಯಬಲ್ಲರು, ಮೇಲಿನವರು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ತಾವೂ ಬರೆಯಬೇಕಾಗುತ್ತದೆ. ಬರಹಕ್ಕೆ ದನಿಯಿಲ್ಲದಿರುವುದೇ ಇಲ್ಲಿ ದುರ್ಬಲರಿಗೆ ಅನುಕೂಲ. ಈ ಸಾಧನ ಸೋಲುವುದು ಅಂಚಿನಲ್ಲಿ "ಚರ್ಚಿಸಿ" ಎಂದು ಬರೆದು ಕಡತವನ್ನು ವಾಪಸು ಕಳಿಸಿದಾಗ. ಆ ಕ್ಷಣದಿಂದ ವಿಷಯ ಹಾಳೆಯಿಂದ ಕೊಠಡಿಗೆ ಸ್ಥಳಾಂತರವಾಗುತ್ತದೆ, ಅಲ್ಲಿ ಎತ್ತರದ ದನಿ, ಮುಖಭಾವ, ಅಂಜಿಕೆ ಎಲ್ಲವೂ ಮತ್ತೆ ಕೆಲಸ ಮಾಡುತ್ತವೆ, ಮರುದಿನ ಕಡತದಲ್ಲಿ "ಚರ್ಚಿಸಿದಂತೆ" ಎಂಬ ಒಂದು ಪದದ ಮುಂದೆ ಹಿಂದಿನ ಅಭಿಪ್ರಾಯಕ್ಕೆ ವಿರುದ್ಧವಾದ ಟಿಪ್ಪಣಿ ಅದೇ ಕೈಬರಹದಲ್ಲಿ ಕಾಣಿಸಿಕೊಳ್ಳುತ್ತದೆ. ಕೊಠಡಿಯಲ್ಲಿ ಯಾರು ಏನು ಹೇಳಿದರು, ಅಭಿಪ್ರಾಯ ಯಾವ ಕಾರಣಕ್ಕೆ ಬದಲಾಯಿತು ಎಂಬುದನ್ನು ಚರ್ಚೆಗೆ ಕರೆದ ಅಧಿಕಾರಿಯೇ ತಮ್ಮ ಸಹಿಯೊಂದಿಗೆ ದಾಖಲಿಸಬೇಕೆಂಬ ಕಟ್ಟುಪಾಡು ಬಂದರೆ, ಕೆಳಗಿನ ನೌಕರರು ಇದುವರೆಗೆ ಒಬ್ಬರೇ ಹೊತ್ತಿರುವ ಹೊಂದಾಣಿಕೆಯ ಭಾರದಲ್ಲಿ ಒಂದು ಪಾಲು ಮೇಲಿನ ಮೇಜಿಗೂ ಹೋಗುತ್ತದೆ.